ಹತ್ತೊಂಬತ್ತು ನೆರಿಗೆ

ರಾತ್ರಿಯ ಸೂಜಿ ನನ್ನ ಹಳೆಯ ಬಾಡಿಗೆದಾರ.
ಆರು ವರ್ಷದಿಂದ ಹತ್ತೂವರೆಗೆ ಬರುತ್ತದೆ,
ಹೊಟ್ಟೆಯ ಎಡಕ್ಕೆ ಒಂದು ಚುಚ್ಚು,
ಏನೂ ಕೇಳದೆ ಮಲಗುತ್ತದೆ.

ಈಗ ಡಾಕ್ಟರ್ ಮಗ್ವಾಲಾ ಇನ್ನೊಂದು ಕೊಟ್ಟಿದ್ದಾರೆ,
ಕಿತ್ತಳೆ ಗುಂಡಿಯದು, ಪ್ರತಿ ಊಟಕ್ಕೆ ಮೊದಲು.
ಇದು ಕೇಳುತ್ತದೆ:
ಏನು ತಿನ್ನುತ್ತೀ? ಎಷ್ಟು? ಯಾವಾಗ?
ನನ್ನ ಅತ್ತೆ ಒಂದು ದಿನವೂ ಕೇಳಲಿಲ್ಲ ಇದನ್ನು.

"ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ, ತ್ಸಿಯಾಲಾ?"
ಡಾಕ್ಟರು ಬರೆಯುವ ಪೆನ್ನು ಹಿಡಿದು ಕಾದರು.
ಕಿಟಕಿಯಾಚೆ ರುಸ್ತಾವಿಯ ಚಿಮಣಿಗಳು,
ಒಂದರಲ್ಲಿ ಮಾತ್ರ ಹೊಗೆ.
ಏನು ಹೇಳಲಿ?
ಕ್ರೇನಿನ ಗೂಡಿನಲ್ಲಿ ಹನ್ನೊಂದು ವರ್ಷ,
ಒಂದು ಕೈಯಲ್ಲಿ ಕಾಗದ ಸುತ್ತಿದ ರೊಟ್ಟಿ, ಇನ್ನೊಂದು ಸನ್ನೆಗೋಲಿನ ಮೇಲೆ,
ಕೆಳಗೆ ಕೆಂಪಗೆ ಕಾದ ಉಕ್ಕು.
ಪಾಳಿ ನಿಂತ ಮೇಲೆ ಗುರಾಮನ ಹೋಟೆಲಿನ ಹಿಂಬಾಗಿಲು.
ಖಿನ್ಕಾಲಿ ಮಡಿಸುವ ಕೆಲಸ. ಮಾಂಸ, ಸಾರು, ಮೇಲೊಂದು ಹಿಟ್ಟಿನ ಚೀಲ,
ದಿನಕ್ಕೆ ಆರುನೂರು,
ಒಂದೊಂದಕ್ಕೂ ಹತ್ತೊಂಬತ್ತು ನೆರಿಗೆ.
ಕುದಿನೀರಲ್ಲಿ ಬಾಯಿ ಬಿಟ್ಟದ್ದು ನನ್ನದು,
ಮೇಜಿನಿಂದ ತಿರುಗಿ ಬಂದದ್ದು ನನ್ನದು,
ಉಪ್ಪು ನೋಡಲು ಒಂದು ಚಮಚ, ಸಂಶಯಕ್ಕೆ ಇನ್ನೊಂದು,
ನಿಂತೇ, ಬೆನ್ನು ಒಲೆಗೆ.
ದಿನವಿಡೀ ತಿನ್ನುತ್ತೇನೆ ಡಾಕ್ಟರೇ,
ಉಂಡದ್ದು ನೆನಪಿಲ್ಲ.

ಹಾಗೆ ಹೇಳಲಿಲ್ಲ.
ಎರಡು ಗಂಟೆ ಎಂದೆ. ಬರೆದುಕೊಂಡರು.

ಮೊದಲ ದಿನಕ್ಕೆ ಮಂಗಳವಾರ ಆರಿಸಿದೆ, ಗಿರಾಕಿ ಕಮ್ಮಿ ಅಂತ.
ಕೈಯ ಹಿಟ್ಟು ತೊಳೆದು, ಮೂಟೆಗಳ ಮರೆಗೆ ನಿಂತು,
ಎರಡು ಯೂನಿಟ್ ಗಾಳಿಗೆ ಬಿಟ್ಟೆ. ತುದಿಯಲ್ಲಿ ಹನಿ ಹೊಳೆಯಿತು.
ಆರಕ್ಕೆ ತಿರುಗಿಸಿ, ಒತ್ತಿ, ಹತ್ತು ಎಣಿಸಿದೆ.
ಇಷ್ಟೇನಾ? ಈರುಳ್ಳಿಯ ಚಾಕು ಇದಕ್ಕಿಂತ ಒರಟು.

ಆಗ ಬಂತು ಬಸ್ಸು.
ಕುತಾಯಿಸಿಯಲ್ಲಿ ಗೆದ್ದು ಮರಳುತ್ತಿದ್ದ ಕುಸ್ತಿ ಹುಡುಗರು,
ಮೂವತ್ತೊಂದು ಬಾಯಿ.
ಮಡಿಸಿದೆ. ಮಡಿಸಿದೆ.
ಬಾಯಿಗೆ ಹಾಕಿಕೊಳ್ಳೋಣವೆಂದರೆ
ಅವತ್ತು ಒಂದೂ ಒಡೆಯಲಿಲ್ಲ.
ಹದಿನೇಳು ನೆರಿಗೆ. ಹದಿನಾಲ್ಕು.
ಕುತ್ತಿಗೆ ಒದ್ದೆ, ಬೆರಳು ಯಾರವೋ.
ಎಲ್ಲೋ ಮೇಲೆ ಕ್ರೇನಿನ ಗಂಟೆ ಬಾರಿಸುತ್ತಿತ್ತು,
ಭಾರ ತೂಗುತ್ತಿದೆ, ಕೆಳಗಿರುವವರು ಸರಿಯಿರಿ.
ಒಂಬತ್ತು.
ಬಾಯಿ ಮುಚ್ಚದೆ ಕುಸಿದ ಆ ಮುದ್ದೆ ಕಂಡು
ಪಾತ್ರೆ ತೊಳೆಯುವ ನೆಸ್ತಾನ್ ಓಡಿಬಂದಳು,
ದ್ರಾಕ್ಷಿ ಷರಬತ್ತಿನ ಬಾಟಲಿಯನ್ನೇ ಬಾಯಿಗಿಟ್ಟಳು.

ಅರ್ಧ ಗಂಟೆ ಹಿಟ್ಟಿನ ಮೂಟೆಯ ಮೇಲೆ ಕೂತಿದ್ದೆ.
ಹೊರಗೆ ಹುಡುಗರು ತಟ್ಟೆಯಂಚಿಗೆ ತೊಟ್ಟು ಜೋಡಿಸಿ
ಯಾರು ಹೆಚ್ಚು ತಿಂದರೆಂದು ಜಗಳವಾಡುತ್ತಿದ್ದರು.
ಖಿನ್ಕಾಲಿಯ ತೊಟ್ಟು ತಿನ್ನಬಾರದು, ಲೆಕ್ಕಕ್ಕೆ ಉಳಿಸಬೇಕು,
ನಮ್ಮ ಕಡೆಯ ರೀತಿ ಅದು.
ನಾನು ಬಡಿಸಿದ್ದಕ್ಕೆ ಊರೆಲ್ಲ ಸಾಕ್ಷಿ.
ಉಂಡದ್ದಕ್ಕೆ ಒಂದು ತೊಟ್ಟೂ ಇಲ್ಲ.

ಗುರಾಮನಿಗೆ ಹೇಳಿದೆ, ಎರಡಕ್ಕೆ ನನಗೊಂದು ಕುರ್ಚಿ ಬೇಕು.
ಇಲ್ಲಿ ಕುರ್ಚಿಗೆ ಜಾಗವೆಲ್ಲಿ, ಅಂದ.
ಆರು ಯೂನಿಟ್ ಒಳಗೆ ಹೋದಮೇಲೆ
ಜಾಗ ಆಗಲೇಬೇಕು, ಅಂದೆ.
ಅರ್ಥವಾದಂತೆ ಕಾಣಲಿಲ್ಲ. ಆದರೂ ತಂದ.
ಒಂದು ಕಾಲು ಗಿಡ್ಡ.

ಈಗ ಮೊದಲು ತಟ್ಟೆ:
ಐದು, ಒಡೆಯದವು, ನನಗೆಂದೇ ನಾನು ಮಡಿಸಿದ್ದು.
ಆಮೇಲೆ ಸೂಜಿ.
ಬಿಸಿ ಆರುವ ಹತ್ತು ನಿಮಿಷ ಕೈ ಕಟ್ಟಿ ಕೂರುತ್ತೇನೆ,
ಗೊತ್ತಿಲ್ಲದ ಮನೆಗೆ ಊಟಕ್ಕೆ ಬಂದವಳ ಹಾಗೆ.
"ನಿನ್ನದಕ್ಕೆ ಇಪ್ಪತ್ತು ನೆರಿಗೆ ಉಂಟಲ್ಲೇ" ಎಂದು ನೆಸ್ತಾನ್ ನಗುತ್ತಾಳೆ.
ಎಣಿಸಿಲ್ಲಪ್ಪ.
ಕಚ್ಚಿದರೆ ಸಾರು ಮಣಿಕಟ್ಟಿಗೆ ಇಳಿಯುತ್ತದೆ.
ಇಷ್ಟು ಮಡಿಸಿದವಳಿಗೆ ಚೆಲ್ಲದೆ ತಿನ್ನಲು ಬರುವುದಿಲ್ಲ.

ಹೊರಗೆ ಯಾವುದೋ ಬಸ್ಸಿನ ಹಾರನ್.
ಕುರ್ಚಿ ಗಿಡ್ಡ ಕಾಲಿನ ಕಡೆ ವಾಲುತ್ತದೆ.
ಏಳುವುದಿಲ್ಲ.
ಮೂರು ತೊಟ್ಟು.
ಇನ್ನೂ ಎರಡು ಬಾಕಿ.